ಸರ್ವರ್ 2012 ಆರ್2 ತೆಗೆದು ಏನು ಹಾಕುವುದು? 24 ಕಂಪ್ಯೂಟರ್‌ಗಳ ಕಚೇರಿ, ಟ್ಯಾಲಿ, ಹಳೇ ನುಡಿ ಕಡತಗಳು

ಪ್ರಶ್ನೆ: ಮಲೆನಾಡ_ಕಡತ

ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಕೃಷಿ ಮಾರಾಟ ಸಹಕಾರ ಸಂಘದ ಕಚೇರಿಗಾಗಿ ಕೇಳುತ್ತಿದ್ದೇನೆ. ಜಾಲವನ್ನು ಹೊಸದಾಗಿ ಮಾಡಲು ಆಡಳಿತ ಮಂಡಳಿ ಒಪ್ಪಿದೆ. ಕೊಟೇಶನ್ ಕರೆಯುವ ಮೊದಲು ಸರ್ವರ್‌ಗೆ ಯಾವ ಓಎಸ್ (ಕಾರ್ಯಾಚರಣೆ ವ್ಯವಸ್ಥೆ), ಮೇಜುಗಳಿಗೆ ಯಾವ ಓಎಸ್ ಎನ್ನುವುದು ತೀರ್ಮಾನ ಆಗಬೇಕು.

ಈಗ ಇರುವುದು ಇಷ್ಟು. ಸರ್ವರ್: ಟವರ್ ಮಾದರಿ, ಕ್ಸಿಯಾನ್ ಇ3, 16 ಜಿಬಿ ರ್‍ಯಾಮ್, 1 ಟಿಬಿ ಡಿಸ್ಕ್ ಎರಡು ರೇಡ್ 1ರಲ್ಲಿ (ಒಂದರ ನಕಲು ಇನ್ನೊಂದು), ವಿಂಡೋಸ್ ಸರ್ವರ್ 2012 ಆರ್2. ಅದರಲ್ಲೇ ಆಕ್ಟಿವ್ ಡೈರೆಕ್ಟರಿ (ಬಳಕೆದಾರರು, ಯಂತ್ರಗಳ ಕೇಂದ್ರ ಪಟ್ಟಿ), ಅದರಲ್ಲೇ ಫೈಲ್ ಶೇರ್, ಅದರಲ್ಲೇ ಟ್ಯಾಲಿ ಡೇಟಾ. ಡೊಮೈನ್ (ಆ ಡೈರೆಕ್ಟರಿಯ ಅಡಿಯ ಯಂತ್ರಗಳ ಗುಂಪು) ಹೆಸರು ಡಾಟ್ ಲೋಕಲ್‌ನಲ್ಲಿ ಮುಗಿಯುತ್ತದೆ.

ಮೇಜಿನ ಕಂಪ್ಯೂಟರ್‌ಗಳು 24. ಒಂಬತ್ತು ಇಂಟೆಲ್ 10ನೇ ತಲೆಮಾರಿನವು (ಐದರಲ್ಲಿ ವಿಂಡೋಸ್ 10 ಹೋಮ್, ನಾಲ್ಕರಲ್ಲಿ ಪ್ರೊ). ಹನ್ನೊಂದು ಐ3 6100 ಮತ್ತು 7100, 4 ಜಿಬಿ ರ್‍ಯಾಮ್, ತಿರುಗುವ ಹಾರ್ಡ್‌ಡಿಸ್ಕ್. ಉಳಿದ ನಾಲ್ಕು ವಿಂಡೋಸ್ 7 ಕಾಲದವು. ಸಿಬ್ಬಂದಿ 27; ಕೌಂಟರ್‌ಗಳಲ್ಲಿ ಒಂದೇ ಯಂತ್ರದಲ್ಲಿ ಇಬ್ಬರು ಸರದಿ ಮೇಲೆ ಕೂರುತ್ತಾರೆ.

ಕೆಲಸ: ಟ್ಯಾಲಿಪ್ರೈಮ್ ಗೋಲ್ಡ್ 10 ಮೇಜುಗಳಲ್ಲಿ, ಜಿಎಸ್‌ಟಿ ಮತ್ತು ಟಿಡಿಎಸ್‌ಗೆ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಎರಡು ಮೇಜುಗಳಲ್ಲಿ (ಒಂದರಲ್ಲಿ ಟ್ಯಾಲಿಯೂ ಇದೆ), ಉಳಿದ ಕಡೆ ಪತ್ರ ವ್ಯವಹಾರ, ಸದಸ್ಯರಿಗೆ ನೋಟಿಸು, ಸಭಾ ನಡವಳಿ, ಇಮೇಲ್, ವೆಬ್. ಹದಿನೈದು ವರ್ಷದ ಕನ್ನಡ ಪತ್ರಗಳೆಲ್ಲ ಹಳೇ ನುಡಿ ತಂತ್ರಾಂಶದಲ್ಲಿವೆ. ಎಪ್ಸನ್ ಎಲ್‌ಕ್ಯು-310 ಎರಡು, ಕ್ಯಾನನ್ ಎಲ್‌ಬಿಪಿ 2900 ಮೂರು, ಫೋಲ್ಡರ್‌ಗೆ ಸ್ಕ್ಯಾನ್ ಮಾಡುವ ಹಳೇ ಕಾಪಿಯರ್ ಒಂದು. ಸ್ವಿಚ್ 100 ಎಂಬಿಪಿಎಸ್‌ದು.

ಒಬ್ಬರು ಎಲ್ಲವನ್ನೂ ವಿಂಡೋಸ್ 11 ಮಾಡಿ, 24 ಹೊಸ ಯಂತ್ರ ತನ್ನಿ ಎನ್ನುತ್ತಾರೆ. ಇನ್ನೊಬ್ಬರು ಸರ್ವರ್, ಮೇಜು ಎರಡೂ ಲಿನಕ್ಸ್ ಆಗಲಿ, ಲೈಸೆನ್ಸ್ ದುಡ್ಡು ಉಳಿಯುತ್ತದೆ ಎನ್ನುತ್ತಾರೆ. ಗೊತ್ತಿರುವವರು ದಾರಿ ತೋರಿಸಿ.

ಉತ್ತರ: ಡೊಮೈನ್_ದಾರಿ

ಮೇಡಂ, ನೀವು ಮೇಜಿನ ಕೆಲಸವನ್ನು ಬರೆದುಕೊಟ್ಟಿದ್ದರಿಂದ ಅರ್ಧ ಉತ್ತರ ಅಲ್ಲೇ ಇದೆ. ಓಎಸ್ ಆಯ್ಕೆ ಶುರುವಾಗಬೇಕಾದ್ದು ಆ ಪಟ್ಟಿಯಿಂದ.

ಟ್ಯಾಲಿಗೆ ವಿಂಡೋಸ್ ಬೇಕೇ ಬೇಕು. ವೈನ್ ಎಂಬ ಸಾಧನ ಹಾಕಿ ಲಿನಕ್ಸ್ ಮೇಲೆ ಓಡಿಸುವ ಪ್ರಯತ್ನ ಲೆಕ್ಕದ ಕೆಲಸಕ್ಕೆ ಬೇಡ. ಡಿಎಸ್‌ಸಿ ಟೋಕನ್‌ಗೂ ವಿಂಡೋಸ್ ಇರಲಿ. ಟೋಕನ್ ಡ್ರೈವರ್, ಜಿಎಸ್‌ಟಿಯ ಎಂಸೈನರ್ (ಸಹಿ ಹಾಕುವ ತಂತ್ರಾಂಶ), ಟಿಡಿಎಸ್ ಉಪಕರಣ ಮೂರೂ ಒಂದೇ ಯಂತ್ರದಲ್ಲಿ ಒಟ್ಟಿಗೆ ನಡೆಯಬೇಕು. ಒಂದು ಕೈಕೊಟ್ಟರೂ ಕೊನೆಯ ದಿನ ರಿಟರ್ನ್ ನಿಲ್ಲುತ್ತದೆ. ಅಂದರೆ ವಿಂಡೋಸ್ ಬೇಕಾದ ಮೇಜುಗಳು 11. ಉಳಿದ 13ಕ್ಕೆ ಕಡ್ಡಾಯವಿಲ್ಲ.

ಇನ್ನು ಯಂತ್ರಗಳು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರಿನಿಂದ ಮೇಲೆ, ಟಿಪಿಎಂ 2.0 (ಭದ್ರತಾ ಚಿಪ್), ಯುಇಎಫ್‌ಐ (ಯಂತ್ರ ಶುರುವಾಗುವ ಹೊಸ ವಿಧಾನ) ಬೇಕು. 6100, 7100 ಎರಡೂ ಆ ಗೆರೆಯ ಕೆಳಗೇ ಉಳಿಯುತ್ತವೆ. ರೂಫಸ್ ಎಂಬ ಸಾಧನದಲ್ಲಿ ತಪಾಸಣೆ ತಪ್ಪಿಸಿ ಹಾಕಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿ ಇಲ್ಲ, ಲೆಕ್ಕಪತ್ರ ಇಡುವ ಕಚೇರಿಗೆ ಅದು ಸಲ್ಲದು. ವಿಂಡೋಸ್ 10ಕ್ಕೆ ಹಣ ಕೊಟ್ಟು ಪಡೆಯುವ ಇಎಸ್‌ಯು (ಹೆಚ್ಚುವರಿ ಭದ್ರತಾ ಅಪ್‌ಡೇಟ್) ಇದೆ, ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಪ್ರತಿ ವರ್ಷ ಇಮ್ಮಡಿ. ಮನೆ ಬಳಕೆದಾರರಿಗೆ ಕೊಟ್ಟ ಯೋಜನೆ ಡೊಮೈನ್‌ಗೆ ಸೇರಿದ ಯಂತ್ರಕ್ಕೆ ಅನ್ವಯಿಸುವುದಿಲ್ಲ. ಐ3 6100ಕ್ಕೆ ಅಷ್ಟು ಸುರಿಯುವುದು ದಂಡ.

ನಿಮ್ಮ ಒಂಬತ್ತು 10ನೇ ತಲೆಮಾರಿನವು ಹಾಗೇ 11ಕ್ಕೆ ಹೋಗುತ್ತವೆ. ‘ಈ ಪಿಸಿ ಹೊಂದುವುದಿಲ್ಲ’ ಎಂದು ತೋರಿಸಿದರೆ ಗಾಬರಿ ಬೇಡ, ಬಹಳ ಸಲ ಬಯಾಸ್‌ನಲ್ಲಿ ಇಂಟೆಲ್ ಪಿಟಿಟಿ (ಪ್ರೊಸೆಸರ್ ಜೊತೆಗಿನ ಟಿಪಿಎಂ) ಆಫ್ ಇರುತ್ತದೆ ಅಥವಾ ಡಿಸ್ಕ್ ಎಂಬಿಆರ್ ಎಂಬ ಹಳೇ ಮಾದರಿಯಲ್ಲಿರುತ್ತದೆ. ಎಂಬಿಆರ್2ಜಿಪಿಟಿ ಉಪಕರಣವನ್ನು ಮೊದಲು ವ್ಯಾಲಿಡೇಟ್ ಆಯ್ಕೆಯೊಂದಿಗೆ ಓಡಿಸಿ. ಪಾಸಾದರೆ ಮಾತ್ರ ಕನ್ವರ್ಟ್, ಆಮೇಲೆ ಬಯಾಸ್‌ನಲ್ಲಿ ಲೆಗಸಿ ತೆಗೆದು ಯುಇಎಫ್‌ಐ. ಈ ಕ್ರಮ ತಿರುವುಮುರುವಾದರೆ ಯಂತ್ರ ಬೂಟ್ ಆಗುವುದಿಲ್ಲ. ಡಿಸ್ಕ್‌ನಲ್ಲಿ ನಾಲ್ಕು ಪ್ರೈಮರಿ ಪಾರ್ಟಿಶನ್ ಇದ್ದರೆ ವ್ಯಾಲಿಡೇಟ್ ಹಂತದಲ್ಲೇ ನಿಲ್ಲುತ್ತದೆ, ಒಂದನ್ನು ತೆರವು ಮಾಡಬೇಕು. ಹೋಮ್ ಇರುವ ಐದಕ್ಕೆ ಪ್ರೊ ಅಪ್‌ಗ್ರೇಡ್ ಕೊಳ್ಳಬೇಕು, ಹೋಮ್ ಡೊಮೈನ್‌ಗೆ ಸೇರುವುದೇ ಇಲ್ಲ.

ವಿಂಡೋಸ್ 7 ಕಾಲದ ನಾಲ್ಕನ್ನು ಇ-ತ್ಯಾಜ್ಯಕ್ಕೆ ಕೊಟ್ಟು ನಾಲ್ಕು ಹೊಸದು ತನ್ನಿ, 11 ಪ್ರೊ ಜೊತೆಗೇ. ಆಗ ವಿಂಡೋಸ್ ಯಂತ್ರ 13 ಆಗುತ್ತವೆ. ಬೇಕಾದ್ದು 11, ಎರಡು ಹೆಚ್ಚುವರಿ. ಇಪ್ಪತ್ತನಾಲ್ಕು ಕೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ.

ಸರ್ವರ್ ಲೈಸೆನ್ಸ್ ಲೆಕ್ಕದಲ್ಲಿ ಜನ ಎಡವುವುದು ಕ್ಯಾಲ್‌ನಲ್ಲಿ (ಸರ್ವರ್ ಬಳಸುವ ಹಕ್ಕಿನ ಲೈಸೆನ್ಸ್). ವಿಂಡೋಸ್ ಸರ್ವರ್ 2025 ಸ್ಟ್ಯಾಂಡರ್ಡ್ ಕನಿಷ್ಠ 16 ಕೋರ್‌ಗೆ ಕೊಳ್ಳಬೇಕು, ಪ್ರೊಸೆಸರ್‌ನಲ್ಲಿ ಎಂಟೇ ಇದ್ದರೂ. ಅದರ ಮೇಲೆ ಪ್ರತಿ ಬಳಕೆದಾರನಿಗೋ ಪ್ರತಿ ಯಂತ್ರಕ್ಕೋ ಕ್ಯಾಲ್. ಜನ 27, ಯಂತ್ರ 24, ಹಾಗಾಗಿ ಡಿವೈಸ್ ಕ್ಯಾಲ್ ಅಗ್ಗ. 25 ತೆಗೆದುಕೊಂಡರೆ ಕಾಪಿಯರ್‌ಗೂ ಲೆಕ್ಕ ಸರಿಹೋಗುತ್ತದೆ. ಎಸೆನ್ಶಿಯಲ್ಸ್ ಎಂಬ ಅಗ್ಗದ ಆವೃತ್ತಿಗೆ ಕ್ಯಾಲ್ ಬೇಡ ನಿಜ, ಆದರೆ ಅದರ ಮಿತಿ 25 ಬಳಕೆದಾರರು. ನೀವು ಇಬ್ಬರಿಂದ ದಾಟಿದ್ದೀರಿ.

ಉತ್ತರ: ಡೆಬಿಯನ್_ಅಂಗಳ

ಡೊಮೈನ್_ದಾರಿ ಸರ್ ಮೇಜುಗಳ ಬಗ್ಗೆ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಸರ್ವರ್ ವಿಷಯದಲ್ಲಿ ಮಾತ್ರ ಇನ್ನೊಂದು ದಾರಿಯನ್ನೂ ಮಂಡಳಿಯ ಮುಂದಿಡಿ. ಡೆಬಿಯನ್ 13 (ಒಂದು ಲಿನಕ್ಸ್) ಮೇಲೆ ಸಾಂಬಾ 4 (ವಿಂಡೋಸ್ ಸರ್ವರ್‌ನ ಕೆಲಸ ಮಾಡುವ ಉಚಿತ ತಂತ್ರಾಂಶ), ಆಕ್ಟಿವ್ ಡೈರೆಕ್ಟರಿ ಡೊಮೈನ್ ಕಂಟ್ರೋಲರ್ (ಡಿಸಿ, ಲಾಗಿನ್ ಪರಿಶೀಲಿಸುವ ಸರ್ವರ್) ಆಗಿ. ಸರ್ವರ್ ಲೈಸೆನ್ಸ್ ಇಲ್ಲ, ಕ್ಯಾಲ್ ಇಲ್ಲ. ವಿಂಡೋಸ್ 11 ಪ್ರೊ ಅದಕ್ಕೆ ಮಾಮೂಲಿನಂತೆ ಸೇರುತ್ತದೆ, ಗ್ರೂಪ್ ಪಾಲಿಸಿ (ಎಲ್ಲ ಯಂತ್ರಗಳಿಗೂ ಒಂದೆಡೆಯಿಂದ ಕೊಡುವ ನಿಯಮ) ನಡೆಯುತ್ತದೆ, ಬಳಕೆದಾರರನ್ನು ಒಂದು ವಿಂಡೋಸ್ ಯಂತ್ರದಲ್ಲಿ ಆರ್‌ಸ್ಯಾಟ್ ಎಂಬ ಉಪಕರಣ ಹಾಕಿಕೊಂಡು ಅದೇ ಹಳೇ ಕಿಟಕಿಯಲ್ಲಿ ನಿಭಾಯಿಸಬಹುದು.

ಎಲ್ಲಿ ಕೆಡುತ್ತದೆ ಅಂದರೆ:

ಒಂದನೆಯದು, ಡೆಬಿಯನ್, ಉಬುಂಟು ಎರಡರಲ್ಲೂ ಸಾಂಬಾ ಪೊಟ್ಟಣಗಳನ್ನು ಹಾಕಿದ ಕೂಡಲೇ ಎಸ್‌ಎಂಬಿಡಿ, ಎನ್‌ಎಂಬಿಡಿ, ವಿನ್‌ಬೈಂಡ್ ಸೇವೆಗಳು ತಾವಾಗಿ ಎದ್ದು ಕೂರುತ್ತವೆ. ಅವನ್ನು ನಿಲ್ಲಿಸಿ, ಮತ್ತೆ ಏಳದಂತೆ ಮಾಸ್ಕ್ ಮಾಡಿ, ಸಾಂಬಾ-ಎಡಿ-ಡಿಸಿ ಎಂಬ ಒಂದೇ ಸೇವೆಯನ್ನು ಅನ್‌ಮಾಸ್ಕ್ ಮಾಡಬೇಕು. ಮೊದಲೇ ಇದ್ದ ಎಸ್‌ಎಂಬಿ ಡಾಟ್ ಕಾನ್ಫ್ ಕಡತವನ್ನು ಬೇರೆ ಕಡೆ ಸರಿಸದಿದ್ದರೆ ಡೊಮೈನ್ ಕಟ್ಟುವ ಪ್ರೊವಿಶನ್ ಆಜ್ಞೆ ಮುಂದೆ ಹೋಗುವುದಿಲ್ಲ. ಉಬುಂಟುವಿನಲ್ಲಾದರೆ ಸಿಸ್ಟಂಡಿ-ರಿಸಾಲ್ವ್ಡ್ 53ನೇ ಪೋರ್ಟ್ ಹಿಡಿದುಕೊಂಡು ಕೂತು ಸಾಂಬಾದ ಡಿಎನ್‌ಎಸ್‌ಗೆ (ಹೆಸರನ್ನು ಐಪಿಗೆ ತಿರುಗಿಸುವ ಸೇವೆ) ಜಾಗ ಬಿಡುವುದಿಲ್ಲ.

ಎರಡನೆಯದು ಸಿಸ್‌ವಾಲ್. ಎರಡು ಸಾಂಬಾ ಡಿಸಿ ಇಟ್ಟರೆ ಬಳಕೆದಾರರ ಮಾಹಿತಿ ತಾನಾಗಿ ನಕಲಾಗುತ್ತದೆ, ಗ್ರೂಪ್ ಪಾಲಿಸಿ ಕಡತಗಳಿರುವ ಸಿಸ್‌ವಾಲ್ ಆಗುವುದಿಲ್ಲ. ಆರ್‌ಸಿಂಕ್‌ನಿಂದ ನೀವೇ ಮಾಡಬೇಕು, ಹಕ್ಕುಗಳನ್ನೂ ಸರಿಪಡಿಸಬೇಕು.

ಮೂರನೆಯದು, ಡಿಸಿ ಇರುವ ಸಾಂಬಾದಲ್ಲೇ ಫೈಲ್ ಶೇರ್ ಇಡಬೇಡಿ, ಬೇರೆ ವರ್ಚುವಲ್ ಯಂತ್ರದಲ್ಲಿ ಇಡಿ. ಟ್ಯಾಲಿ ಡೇಟಾ ಇರುವ ಶೇರ್‌ಗೆ ಆಪ್‌ಲಾಕ್ಸ್, ಲೆವೆಲ್2 ಆಪ್‌ಲಾಕ್ಸ್ ಎರಡನ್ನೂ ‘ನೋ’ ಮಾಡಿ. ಹತ್ತು ಮಂದಿ ಒಂದೇ ಡೇಟಾ ಕಡತವನ್ನು ತೆರೆದಾಗ ಮೇಜಿನ ಯಂತ್ರ ತನ್ನಲ್ಲೇ ಬರಹ ಇಟ್ಟುಕೊಳ್ಳುವುದನ್ನು ಇದು ತಡೆಯುತ್ತದೆ. ಟ್ಯಾಲಿಯ ಲೈಸೆನ್ಸ್ ಕೊಡುವ ಗೇಟ್‌ವೇ ಸರ್ವರ್ ವಿಂಡೋಸ್ ಸೇವೆ. ಅದನ್ನು ಸ್ಥಿರ ಐಪಿ ಇರುವ ಒಂದು ವಿಂಡೋಸ್ ಮೇಜಿನಲ್ಲಿ ಹಾಕಿ, ಫೈರ್‌ವಾಲ್‌ನಲ್ಲಿ 9999 ಪೋರ್ಟ್ ಬಿಡಿ. ಆ ಯಂತ್ರ ಆಫ್ ಆದರೆ ಉಳಿದವರಿಗೆ ಲೈಸೆನ್ಸ್ ಸಿಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರಲಿ.

ಒಂದು ಪ್ರಶ್ನೆ ಮಾತ್ರ ನೀವೇ ಉತ್ತರಿಸಬೇಕು ಮೇಡಂ. ಮಾರ್ಚ್ 31ರ ಸಂಜೆ ಸರ್ವರ್ ನಿಂತರೆ ಯಾರು ಬರುತ್ತಾರೆ, ಅವರಿಗೆ ಯಾವುದು ಗೊತ್ತು?

ಮಲೆನಾಡ_ಕಡತ

ವಾರಕ್ಕೊಮ್ಮೆ ಶಿವಮೊಗ್ಗದಿಂದ ಒಬ್ಬ ಎಂಜಿನಿಯರ್ ಬರುತ್ತಾರೆ. ವಿಂಡೋಸ್ ಸರ್ವರ್ ಚೆನ್ನಾಗಿ ಗೊತ್ತು. ಲಿನಕ್ಸ್ ಮೇಜಿನ ಮಟ್ಟದಲ್ಲಿ ಸರಿ, ಸಾಂಬಾ ಡೊಮೈನ್ ಅವರಿಗೆ ಹೊಸದು. ಹಳೇ ಡೊಮೈನ್‌ನ ಬಳಕೆದಾರರು, ಫೋಲ್ಡರ್ ಹಕ್ಕುಗಳು ಹಾಗೇ ಉಳಿದರೆ ನಮಗೆ ದೊಡ್ಡ ಉಪಕಾರ. 2012 ಆರ್2ನಿಂದ ನೇರ 2025ಕ್ಕೆ ಹೋಗಬಹುದೇ?

ಉತ್ತರ: ಡೊಮೈನ್_ದಾರಿ

ನೇರ ಹೋಗಲಾಗದು. ಕೊಟೇಶನ್ ಕೊಡುವವರು ಇದನ್ನು ಹೇಳದೇ ಇರಬಹುದು, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಸರ್ವರ್ 2025 ಅನ್ನು ಡೊಮೈನ್ ಕಂಟ್ರೋಲರ್ ಆಗಿ ಸೇರಿಸಬೇಕಾದರೆ ಡೊಮೈನ್‌ನ ಫಂಕ್ಷನಲ್ ಲೆವೆಲ್ (ಎಲ್ಲ ಡಿಸಿಗಳಿಗೂ ಒಪ್ಪುವ ಮಟ್ಟ) ಕನಿಷ್ಠ 2016 ಇರಬೇಕು. 2012 ಆರ್2 ಡಿಸಿ ಒಂದಾದರೂ ಬದುಕಿರುವ ತನಕ ಆ ಮಟ್ಟಕ್ಕೆ ಏರಿಸಲು ಆಗುವುದಿಲ್ಲ. ಆದ್ದರಿಂದ ನಡುವೆ ಒಂದು ಮೆಟ್ಟಿಲು ಬೇಕು. 2022ರ 180 ದಿನದ ಪ್ರಯೋಗ ಪ್ರತಿ ಅದಕ್ಕೆ ಸಾಕು.

ಹೊಸ ಸರ್ವರ್ ಹೀಗಿರಲಿ: 8 ಕೋರ್, 32 ಜಿಬಿ ಇಸಿಸಿ ರ್‍ಯಾಮ್, 960 ಜಿಬಿ ಎಂಟರ್‌ಪ್ರೈಸ್ ಎಸ್‌ಎಸ್‌ಡಿ ಎರಡು ರೇಡ್ 1ರಲ್ಲಿ. ಎಸ್‌ಎಸ್‌ಡಿಗೆ ಪವರ್ ಲಾಸ್ ಪ್ರೊಟೆಕ್ಷನ್ ಇದೆಯೇ ಎಂದು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ, ಮಳೆಗಾಲದ ಕರೆಂಟ್ ನೆನಪಿರಲಿ. ಯಂತ್ರದ ಮೇಲೆ ಹೈಪರ್-ವಿ (ವರ್ಚುವಲ್ ಯಂತ್ರ ನಡೆಸುವ ಪದರ) ಮಾತ್ರ, ಬೇರೇನೂ ಬೇಡ. ಹಾಗೆ ಇಟ್ಟರೆ ಒಂದು ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಎರಡು ವರ್ಚುವಲ್ ಯಂತ್ರಗಳಿಗೆ ಹಕ್ಕಿದೆ. ಒಂದು ಡಿಸಿ (2 ಕೋರ್, 6 ಜಿಬಿ, 80 ಜಿಬಿ ಡಿಸ್ಕ್), ಇನ್ನೊಂದು ಫೈಲ್ ಮತ್ತು ಟ್ಯಾಲಿ (4 ಕೋರ್, 16 ಜಿಬಿ, ಡೇಟಾಕ್ಕೆ ಬೇರೆ ವರ್ಚುವಲ್ ಡಿಸ್ಕ್).

ಕೆಲಸದ ಕ್ರಮ. ಹಳೇ ಡಿಸಿಯ ಸಿಸ್ಟಂ ಸ್ಟೇಟ್ ಬ್ಯಾಕಪ್ ಮೊದಲು. ಆಮೇಲೆ ಡಿಎಫ್‌ಎಸ್‌ಆರ್‌ಮಿಗ್ ಆಜ್ಞೆಯಲ್ಲಿ ಗೆಟ್‌ಗ್ಲೋಬಲ್‌ಸ್ಟೇಟ್ ಕೇಳಿ. ‘ಎಲಿಮಿನೇಟೆಡ್’ ಎಂದು ಬಂದರೆ ಸಿಸ್‌ವಾಲ್ ಹೊಸ ವಿಧಾನದಲ್ಲಿದೆ. 2003ರ ಕಾಲದಿಂದ ಎಳೆದು ತಂದ ಡೊಮೈನ್ ಆದರೆ ಇನ್ನೂ ಎಫ್‌ಆರ್‌ಎಸ್ ಎಂಬ ಹಳೇ ನಕಲು ವಿಧಾನದಲ್ಲೇ ಇರಬಹುದು. ಆಗ ಪ್ರಿಪೇರ್ಡ್, ರಿಡೈರೆಕ್ಟೆಡ್, ಎಲಿಮಿನೇಟೆಡ್ ಎಂಬ ಮೂರು ಹಂತ ದಾಟಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಪ್ರಯೋಗದ 2022 ಅನ್ನು ತಾತ್ಕಾಲಿಕ ವರ್ಚುವಲ್ ಯಂತ್ರದಲ್ಲಿ ಹಾಕಿ ಡಿಸಿ ಮಾಡಿ. ನೆಟ್‌ಡಾಮ್ ಆಜ್ಞೆಯಲ್ಲಿ ಎಫ್‌ಎಸ್‌ಎಂಓ ಪಾತ್ರಗಳು (ಒಂದೊಂದನ್ನು ಒಂದೇ ಡಿಸಿ ಹೊರುವ ವಿಶೇಷ ಹೊಣೆಗಳು) ಐದೂ ಎಲ್ಲಿವೆ ನೋಡಿ, ಎಲ್ಲವನ್ನೂ ಇಲ್ಲಿಗೆ ಸರಿಸಿ. ಒಂದು ಇಡೀ ದಿನ ಕಚೇರಿ ಹಾಗೇ ನಡೆಯಲಿ. ಡಿಸಿಡಯಾಗ್‌ನಲ್ಲಿ ಡಿಎನ್‌ಎಸ್ ದೋಷ ಇಲ್ಲದಿದ್ದರೆ 2012 ಆರ್2 ಅನ್ನು ಡಿಮೋಟ್ ಮಾಡಿ, ಅಂದರೆ ಡಿಸಿ ಪಾತ್ರದಿಂದ ಇಳಿಸಿ. ಡಿಮೋಟ್ ಮಾಡದೆ ತಂತಿ ಕಿತ್ತಿಟ್ಟರೆ ಅದರ ಹೆಸರು ಡೈರೆಕ್ಟರಿಯಲ್ಲಿ ದೆವ್ವದ ಹಾಗೆ ಉಳಿದು ಫಂಕ್ಷನಲ್ ಲೆವೆಲ್ ಏರುವುದಿಲ್ಲ. ನಂತರ ಡೊಮೈನ್, ಫಾರೆಸ್ಟ್ ಎರಡನ್ನೂ 2016ಕ್ಕೆ ಏರಿಸಿ, 2025ರ ಡಿಸಿ ಸೇರಿಸಿ, ಪಾತ್ರಗಳನ್ನು ಅದಕ್ಕೆ ಸರಿಸಿ, 2022 ಅನ್ನು ಡಿಮೋಟ್ ಮಾಡಿ ಅಳಿಸಿ. ಫೈಲ್‌ಗಳನ್ನು ರೋಬೊಕಾಪಿಯಲ್ಲಿ ಹಕ್ಕುಗಳ ಸಮೇತ ನಕಲು ಮಾಡಿ. ಅದೇ ಡೊಮೈನ್ ಆದ್ದರಿಂದ ಯಾರ ಫೋಲ್ಡರ್ ಯಾರಿಗೆ ಎಂಬುದು ಬದಲಾಗುವುದಿಲ್ಲ. ಟ್ಯಾಲಿ ಡೇಟಾ ನಕಲಾಗುವಾಗ ಹತ್ತೂ ಮೇಜಿನಲ್ಲಿ ಟ್ಯಾಲಿ ಮುಚ್ಚಿರಬೇಕು.

2025ರ ಡಿಸಿ ರೀಸ್ಟಾರ್ಟ್ ಆದ ಮೇಲೆ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ಗೆ ಬಿದ್ದು ಯಾರೂ ಲಾಗಿನ್ ಆಗದಂತಾಗುವ ದೋಷ ಶುರುವಿನಲ್ಲಿ ಇತ್ತು. 2025ರ ಜೂನ್ ಅಪ್‌ಡೇಟ್‌ನಲ್ಲಿ ಸರಿಯಾಗಿದೆ. ಹಳೇ ಐಎಸ್‌ಓದಿಂದ ಹಾಕಿದರೆ ಡಿಸಿ ಮಾಡುವ ಮೊದಲೇ ಅಪ್‌ಡೇಟ್ ಮುಗಿಸಿ.

ಕೊನೆಗೆ ಡಿಎನ್‌ಎಸ್. ಮೇಜಿನ ಯಂತ್ರಗಳ ಡಿಎನ್‌ಎಸ್ ಜಾಗದಲ್ಲಿ ಡಿಸಿಯ ಐಪಿ ಮಾತ್ರ ಇರಬೇಕು. ‘ಇಂಟರ್ನೆಟ್ ನಿಲ್ಲದಿರಲಿ’ ಎಂದು ಎರಡನೆಯದಾಗಿ 8.8.8.8 ಬರೆಯುವ ಅಭ್ಯಾಸ ಬಹಳ ಕಡೆ ಇದೆ. ವಿಂಡೋಸ್ ಆಗಾಗ ಎರಡನೆಯದನ್ನು ಕೇಳುತ್ತದೆ, ಗೂಗಲ್‌ಗೆ ನಿಮ್ಮ ಡಾಟ್ ಲೋಕಲ್ ಗೊತ್ತಿಲ್ಲ, ಲಾಗಿನ್ ಮೂರು ನಿಮಿಷ ಎಳೆಯುತ್ತದೆ, ಡ್ರೈವ್ ಮ್ಯಾಪ್ ಕಾಣೆಯಾಗುತ್ತದೆ. ಒಮ್ಮೆ ಬಂದು ಒಮ್ಮೆ ಬಾರದ ದೋಷ ಆದ್ದರಿಂದ ಹುಡುಕುವುದೂ ಕಷ್ಟ. ಹೊರಗಿನ ಹೆಸರುಗಳಿಗೆ ಡಿಸಿಯ ಫಾರ್ವರ್ಡರ್‌ನಲ್ಲಿ 8.8.8.8 ಕೊಡಿ, ಅಲ್ಲೇ ಅದರ ಜಾಗ.

ಉತ್ತರ: ಡೆಬಿಯನ್_ಅಂಗಳ

ಎಂಜಿನಿಯರ್‌ಗೆ ವಿಂಡೋಸ್ ಗೊತ್ತಿದ್ದರೆ ಡೊಮೈನ್ ವಿಂಡೋಸ್‌ನಲ್ಲೇ ಇರಲಿ. ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಗೊತ್ತಿಲ್ಲದವರ ಕೈಯಲ್ಲಿ ಸಾಂಬಾ ಡಿಸಿ ಕೊಡುವುದು ಅವರಿಗೂ ಅನ್ಯಾಯ, ಕಚೇರಿಗೂ ಅನ್ಯಾಯ. ಒಂದು ತಿದ್ದುಪಡಿ ಮಾತ್ರ ಗಮನದಲ್ಲಿರಲಿ: ಲಿನಕ್ಸ್ ಮೇಜುಗಳು ವಿಂಡೋಸ್ ಡೊಮೈನ್‌ಗೆ ಲಾಗಿನ್ ಆದರೆ ಅವಕ್ಕೂ ಕ್ಯಾಲ್ ಬೇಕು. ಕ್ಯಾಲ್ ಲೆಕ್ಕಕ್ಕೆ ಮೇಜಿನ ಓಎಸ್ ಬರುವುದಿಲ್ಲ. ಹಾಗಾಗಿ 25 ಎನ್ನುವುದು 25 ಆಗಿಯೇ ಉಳಿಯುತ್ತದೆ.

ಆ ಹನ್ನೊಂದು ಐ3ಗಳಿಗೆ ಲಿನಕ್ಸ್ ಮಿಂಟ್ 22 ಹಾಕಿ. ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರ ತನಕ ಅಪ್‌ಡೇಟ್ ಇದೆ. ಅದಕ್ಕೂ ಮೊದಲು ಪ್ರತಿ ಯಂತ್ರಕ್ಕೆ 240 ಜಿಬಿ ಸಾಟಾ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ್‍ಯಾಮ್. ಆ ಕಾಲದ ಎಚ್110 ಬೋರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಎಂ.2 ಕಿಂಡಿ ಇರುವುದಿಲ್ಲ, ಕೆಲವು ಡಿಡಿಆರ್3 ಕೇಳುತ್ತವೆ. ಒಂದೆರಡು ಕ್ಯಾಬಿನೆಟ್ ತೆರೆದು ನೋಡಿ ಆಮೇಲೆ ಆರ್ಡರ್ ಕೊಡಿ. ಹಾರ್ಡ್‌ಡಿಸ್ಕ್ ಉಳಿಸಿಕೊಂಡು ಓಎಸ್ ಮಾತ್ರ ಬದಲಿಸಿದರೆ ‘ಲಿನಕ್ಸೂ ಅಷ್ಟೇ ನಿಧಾನ’ ಎಂಬ ಹೆಸರು ಬರುತ್ತದೆ.

ಡೊಮೈನ್‌ಗೆ ಸೇರಿಸಲು ರಿಯಲ್ಮ್‌ಡಿ, ಎಸ್‌ಎಸ್‌ಎಸ್‌ಡಿ, ಎಡಿಸಿಎಲ್‌ಐ ಪೊಟ್ಟಣಗಳು ಸಾಕು. ನಿಮ್ಮ ಡೊಮೈನ್ ಡಾಟ್ ಲೋಕಲ್ ಆಗಿರುವುದು ಇಲ್ಲಿ ಕಾಲಿಗೆ ತೊಡರುತ್ತದೆ. ಲಿನಕ್ಸ್‌ನಲ್ಲಿ ಡಾಟ್ ಲೋಕಲ್ ಹೆಸರುಗಳನ್ನು ಎಂಡಿಎನ್‌ಎಸ್ (ಸ್ಥಳೀಯ ಜಾಲದಲ್ಲಿ ಹೆಸರು ಹುಡುಕುವ ಸೇವೆ) ತನ್ನದು ಎಂದುಕೊಳ್ಳುತ್ತದೆ, ಡಿಸಿಯ ಡಿಎನ್‌ಎಸ್ ತನಕ ಪ್ರಶ್ನೆ ಹೋಗುವುದೇ ಇಲ್ಲ, ರಿಯಲ್ಮ್ ಡಿಸ್ಕವರ್ ಬರಿಗೈಯಲ್ಲಿ ವಾಪಸಾಗುತ್ತದೆ. ಎನ್‌ಎಸ್‌ಸ್ವಿಚ್ ಕಡತದ ‘ಹೋಸ್ಟ್ಸ್’ ಸಾಲಿನಲ್ಲಿ ಡಿಎನ್‌ಎಸ್ ಎನ್ನುವುದನ್ನು ಎಂಡಿಎನ್‌ಎಸ್4_ಮಿನಿಮಲ್‌ಗಿಂತ ಮುಂದೆ ತನ್ನಿ, ಡಿಎಚ್‌ಸಿಪಿಯಲ್ಲಿ ಡೊಮೈನ್ ಹೆಸರನ್ನೂ ಕೊಡಿ.

ಸೇರಿದ ಮೇಲೆ ಎಸ್‌ಎಸ್‌ಎಸ್‌ಡಿ ಕಡತದಲ್ಲಿ ಎರಡು ಬದಲಾವಣೆ: ಪೂರ್ಣ ಹೆಸರು ಬಳಸುವ ಆಯ್ಕೆಯನ್ನು ‘ಫಾಲ್ಸ್’ ಮಾಡಿ, ಇಲ್ಲವಾದರೆ ಪ್ರತಿ ಲಾಗಿನ್‌ಗೂ ಡೊಮೈನ್ ಹೆಸರು ಟೈಪಿಸಬೇಕು, ಎಡಿ_ಜಿಪಿಓ_ಆಕ್ಸೆಸ್_ಕಂಟ್ರೋಲ್ ಅನ್ನು ‘ಪರ್ಮಿಸಿವ್’ ಮಾಡಿ, ಇಲ್ಲವಾದರೆ ವಿಂಡೋಸ್‌ಗೆ ಬರೆದ ಪಾಲಿಸಿ ಓದಿ ಲಿನಕ್ಸ್ ಕೆಲವರನ್ನು ಬಾಗಿಲಲ್ಲೇ ತಡೆಯುತ್ತದೆ. ಪ್ಯಾಮ್-ಆತ್-ಅಪ್‌ಡೇಟ್‌ನಲ್ಲಿ ಎಂಕೆಹೋಮ್‌ಡಿರ್ ಆನ್ ಮಾಡಿ.

ಶೇರ್‌ಗಳನ್ನು ಫೈಲ್ ಮ್ಯಾನೇಜರ್‌ನಿಂದ ನೇರ ತೆರೆದರೆ ಲಿಬ್ರೆಆಫೀಸ್‌ನ ಕಡತ ಬೀಗ ಸರಿಯಾಗಿ ಕೂರುವುದಿಲ್ಲ, ‘ಓದಲು ಮಾತ್ರ’ ಎಂದು ತೆರೆಯುತ್ತದೆ. ಪ್ಯಾಮ್-ಮೌಂಟ್ ಹಾಕಿ ಲಾಗಿನ್ ಹೊತ್ತಿಗೇ ಸಿಐಎಫ್‌ಎಸ್ ಮೌಂಟ್ ಮಾಡಿಸಿ, ಕೆರ್‌ಬೆರಾಸ್ (ಡೊಮೈನ್‌ನಲ್ಲಿ ಗುರುತು ಪರಿಶೀಲಿಸುವ ವಿಧಾನ) ಚೀಟಿಯ ಮೇಲೆ. ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಎಂಬ 126ನೇ ದೋಷ ಬಂದರೆ ಬಹುಪಾಲು ಕೀಯುಟಿಲ್ಸ್ ಪೊಟ್ಟಣ ಹಾಕುವುದು ಬಿಟ್ಟುಹೋಗಿರುತ್ತದೆ.

ಹಳೇ ಸರ್ವರ್ ಎಸೆಯಬೇಡಿ. ಅದರ ಡಿಸ್ಕ್‌ಗಳನ್ನು ತೆಗೆದು 4 ಟಿಬಿಯ ಎರಡು ಹೊಸ ಡಿಸ್ಕ್ ಹಾಕಿ, ಡೆಬಿಯನ್ 13 ಹಾಕಿ, ಬ್ಯಾಕಪ್ ಯಂತ್ರ ಮಾಡಿ. ಇದು ನಾನು ಪಟ್ಟು ಹಿಡಿದು ಹೇಳುವ ಮಾತು. ಆ ಯಂತ್ರ ಡೊಮೈನ್‌ಗೆ ಸೇರಬಾರದು. ಅದರ ಪಾಸ್‌ವರ್ಡ್ ಡೊಮೈನ್ ಅಡ್ಮಿನ್ ಪಾಸ್‌ವರ್ಡ್ ಆಗಬಾರದು. ಸರ್ವರ್ ಅದಕ್ಕೆ ಬರೆಯಬಾರದು, ಅದೇ ಬಂದು ಓದಲು ಮಾತ್ರ ಹಕ್ಕಿರುವ ಖಾತೆಯಿಂದ ಎಳೆದುಕೊಳ್ಳಬೇಕು. ರಾನ್ಸಮ್‌ವೇರ್ ಹೊಕ್ಕವರ ಕೈಗೆ ಡೊಮೈನ್ ಅಡ್ಮಿನ್ ಸಿಕ್ಕರೆ ಅವರು ಮೊದಲು ಅಳಿಸುವುದು ಬ್ಯಾಕಪ್ ಅನ್ನು. ಅವರಿಗೆ ಈ ಯಂತ್ರದ ಬಾಗಿಲು ಕಾಣದಂತಿರಬೇಕು. ಫೈಲ್‌ಗಳಿಗೆ ರಾತ್ರಿ ರೆಸ್ಟಿಕ್ ಎಂಬ ಬ್ಯಾಕಪ್ ಸಾಧನ. ಟ್ಯಾಲಿಗೆ ಟ್ಯಾಲಿಯದೇ ಬ್ಯಾಕಪ್ ಆಯ್ಕೆ ಬಳಸಿ ಒಂದು ಫೋಲ್ಡರ್‌ಗೆ ತೆಗೆದು, ಆ ಫೋಲ್ಡರ್ ಎಳೆದುಕೊಳ್ಳಲಿ. ಜೊತೆಗೆ ಯುಎಸ್‌ಬಿ ಡಿಸ್ಕ್ ಎರಡು, ವಾರಕ್ಕೊಂದರಂತೆ ಬದಲಿಸಿ ಕಚೇರಿಯ ಹೊರಗಿಡಿ. ತಿಂಗಳಿಗೊಮ್ಮೆ ಒಂದು ಕಡತವನ್ನಾದರೂ ವಾಪಸ್ ತೆಗೆದು ತೆರೆದು ನೋಡಿ.

ಗಡಿಯಾರದ ಮಾತು ಉಳಿಯಿತು. ಯಂತ್ರಗಳ ಸಮಯ ಡಿಸಿಗಿಂತ 5 ನಿಮಿಷಕ್ಕಿಂತ ಹೆಚ್ಚು ಆಚೀಚೆ ಆದರೆ ಕೆರ್‌ಬೆರಾಸ್ ಲಾಗಿನ್ ಬಿಡುವುದಿಲ್ಲ. ಡಿಸಿ ವರ್ಚುವಲ್ ಯಂತ್ರದಲ್ಲಿ ಹೈಪರ್-ವಿಯ ಟೈಮ್ ಸಿಂಕ್ ತೆಗೆದು, ಎನ್‌ಐಸಿಯ (ರಾಷ್ಟ್ರೀಯ ಮಾಹಿತಿ ಕೇಂದ್ರ) ಸಮಯ್1, ಸಮಯ್2 ಸರ್ವರ್‌ಗಳಿಂದ ಸಮಯ ತೆಗೆದುಕೊಳ್ಳುವಂತೆ ಡಬ್ಲ್ಯು32ಟಿಎಂ ಆಜ್ಞೆಯಲ್ಲಿ ಹೇಳಿ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನವೂ ಎನ್‌ಐಸಿ ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯವನ್ನೇ ಹೇಳುತ್ತದೆ, ಲಾಗ್‌ಗಳನ್ನು 180 ದಿನ ಇಡಲು ಹೇಳುತ್ತದೆ. ಬ್ಯಾಕಪ್ ಯಂತ್ರದಲ್ಲಿ ಅದಕ್ಕೂ ಜಾಗವಾಗುತ್ತದೆ.

ಉತ್ತರ: ಕಗಪ_ಕೀಲಿ

ನುಡಿ ಕಡತಗಳ ಬಗ್ಗೆ ಯಾರೂ ಹೇಳಲಿಲ್ಲ. ಬದಲಾವಣೆಯಾದ ಮಾರನೇ ದಿನ ಮೊದಲ ದೂರು ಬರುವುದು ಅಲ್ಲಿಂದಲೇ.

ಹಳೇ ನುಡಿಯ ಪತ್ರಗಳು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಆಕಾರ ಹೊದಿಸಿದವು. ‘ನುಡಿ 01 ಇ’ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಹೀಗೆ ಕಾಣುತ್ತದೆ. ಕಡತ ಕೆಟ್ಟಿತು ಎಂದು ಜನ ಹೆದರುತ್ತಾರೆ; ಕೆಟ್ಟಿರುವುದಿಲ್ಲ. ಹಳೇ ಯಂತ್ರದ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನೆಲ್ಲ ಒಂದೆಡೆ ತೆಗೆದಿಟ್ಟುಕೊಂಡು, ಮಿಂಟ್ ಯಂತ್ರಗಳಲ್ಲೂ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ ಓದಬಹುದು, ಮುದ್ರಿಸಬಹುದು.

ಆದರೆ ಹುಡುಕಲಾಗದು. ಸದಸ್ಯರ ಹೆಸರನ್ನು ಯೂನಿಕೋಡ್‌ನಲ್ಲಿ ಟೈಪಿಸಿ ಹುಡುಕಿದರೆ ಆ ಕಡತಗಳು ಸಿಗುವುದೇ ಇಲ್ಲ. ಮತ್ತೆ ಮತ್ತೆ ಬೇಕಾಗುವ ನಮೂನೆಗಳು, ಉಪವಿಧಿಗಳು, ಸದಸ್ಯರ ಪಟ್ಟಿ ಇಷ್ಟನ್ನು ನುಡಿಯ ಜೊತೆ ಬರುವ ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ, ಉಳಿದದ್ದನ್ನು ಪಿಡಿಎಫ್ ಮಾಡಿಡಿ. ಪರಿವರ್ತನೆಯಾದ ಮೇಲೆ ಮೂರು ಕಡೆ ಕಣ್ಣಿಟ್ಟು ನೋಡಿ: ಅರ್ಕಾವತ್ತು ಇರುವ ಪದಗಳು (ವರ್ಷ, ಕಾರ್ಯ, ಅರ್ಜಿ), ಎರಡು ಒತ್ತಿರುವ ಪದಗಳು (ರಾಷ್ಟ್ರ), ಮತ್ತು ನಡುವೆ ಬಂದಿರುವ ಇಂಗ್ಲಿಷ್ ಪದಗಳು. ಫಾಂಟ್ ನೋಡದೆ ಅಕ್ಷರ ಮಾತ್ರ ಬದಲಿಸುವ ಪರಿವರ್ತಕ ‘ಜಿಎಸ್‌ಟಿ’ ಎಂದು ಇಂಗ್ಲಿಷಿನಲ್ಲಿದ್ದುದನ್ನೂ ಕನ್ನಡ ಎಂದುಕೊಂಡು ಅರ್ಥವಿಲ್ಲದ ಅಕ್ಷರಗಳಾಗಿ ಮಾಡುತ್ತದೆ. ನೋಂದಣಿ ಸಂಖ್ಯೆಗಳಲ್ಲಿ ಇದು ಅಪಾಯ. ಮೂಲ ಕಡತ ಅಳಿಸಲೇಬೇಡಿ.

ಟೈಪಿಂಗ್‌ಗೆ ಸಿಬ್ಬಂದಿ ಹೊಸದೇನೂ ಕಲಿಯಬೇಕಿಲ್ಲ. ಮಿಂಟ್‌ನಲ್ಲಿ ಐಬಸ್-ಎಂ17ಎನ್ ಪೊಟ್ಟಣ ಹಾಕಿ, ಇನ್‌ಪುಟ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಆರಿಸಿ. ನುಡಿಯದೇ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿ ವಿನ್ಯಾಸ, ಒತ್ತಕ್ಷರಕ್ಕೆ ಅದೇ ಎಫ್ ಕೀ. ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸ ಆಯ್ಕೆಯಾಗಿ ಉಳಿದರೆ ‘ಕೀಬೋರ್ಡೇ ಕೆಟ್ಟಿದೆ’ ಎಂದು ಫೋನ್ ಬರುತ್ತದೆ, ಆದ್ದರಿಂದ ಅದನ್ನು ಪಟ್ಟಿಯಿಂದಲೇ ತೆಗೆಯಿರಿ. ಫಾಂಟ್‌ಗೆ ಗುಬ್ಬಿ, ನವಿಲು, ನೋಟೋ ಪೊಟ್ಟಣಗಳು ಸಾಕು. ವಿಂಡೋಸ್ ಮೇಜಿನವರು ತುಂಗಾದಲ್ಲಿ ಬರೆದ ಪತ್ರ ಮಿಂಟ್‌ನಲ್ಲಿ ನೋಟೋಗೆ ಬದಲಾದಾಗ ಸಾಲು ಮುರಿಯುವ ಜಾಗ ಜರುಗಿ ಒಂದು ಪುಟದ ನೋಟಿಸು ಎರಡು ಪುಟಕ್ಕೆ ಹೋಗಬಹುದು. ಎರಡೂ ಕಡೆ ನೋಟೋ ಸ್ಯಾನ್ಸ್ ಕನ್ನಡವನ್ನೇ ಕಚೇರಿಯ ಫಾಂಟ್ ಮಾಡಿಕೊಳ್ಳಿ.

ಉತ್ತರ: ತಂತಿ_ಮತ್ತು_ಕಿಂಡಿ

ಪ್ರಿಂಟರ್: ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ಕ್ಯಾನನ್ ಭಾಷೆಯದು, ಲಿನಕ್ಸ್‌ನಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಮೂರನ್ನೂ ವಿಂಡೋಸ್ ಮೇಜುಗಳಿಗೆ ಕೊಡಿ. ಮಿಂಟ್ ಮೇಜುಗಳಿಗೆ ನೆಟ್‌ವರ್ಕ್ ಕಿಂಡಿ ಇರುವ, ಪೆಟ್ಟಿಗೆ ಮೇಲೆ ಏರ್‌ಪ್ರಿಂಟ್ ಎಂದು ಬರೆದಿರುವ ಲೇಸರ್ ಒಂದು ತನ್ನಿ, ಡ್ರೈವರ್ ಇಲ್ಲದೆ ನಡೆಯುತ್ತದೆ. ಎಲ್‌ಕ್ಯು-310 ಎರಡೂ ಕಡೆ ಸರಿ.

ಕಾಪಿಯರ್: ಹಳೆಯದಾದರೆ ಎಸ್‌ಎಂಬಿ1 (ಫೈಲ್ ಹಂಚುವ ಹಳೇ, ಅಸುರಕ್ಷಿತ ವಿಧಾನ) ಮಾತ್ರ ಬಲ್ಲದು, ಹೊಸ ಸರ್ವರ್‌ನಲ್ಲಿ ಅದು ಇರುವುದಿಲ್ಲ. ಅದಕ್ಕಾಗಿ ಎಸ್‌ಎಂಬಿ1 ಆನ್ ಮಾಡಬೇಡಿ. ಫರ್ಮ್‌ವೇರ್ ಇದೆಯೇ ನೋಡಿ, ಇಲ್ಲವಾದರೆ ಸ್ಕ್ಯಾನ್ ಅನ್ನು ಎಫ್‌ಟಿಪಿಗೆ ತಿರುಗಿಸಿ, ಕಾಪಿಯರ್‌ನ ಐಪಿಗೆ ಮಾತ್ರ ಬಾಗಿಲು ತೆರೆಯಿರಿ.

ತಂತಿ: ಗಿಗಾಬಿಟ್ ಸ್ವಿಚ್ ತಂದ ಮೇಲೂ ಕೆಲವು ಮೇಜು 100ರಲ್ಲೇ ನಿಂತರೆ ತುದಿಯ ಆರ್‌ಜೆ45 ನೋಡಿ. ಕ್ಯಾಟ್5ಇ ತಂತಿ ಗಿಗಾಬಿಟ್‌ಗೆ ಸಾಕು, ಆದರೆ ಎಂಟೂ ಎಳೆ ಕ್ರಿಂಪ್ ಆಗಿರಬೇಕು. 100 ಎಂಬಿಪಿಎಸ್ ಕಾಲದಲ್ಲಿ ನಾಲ್ಕೇ ಎಳೆ ಹಾಕಿ ಉಳಿದ ನಾಲ್ಕರಲ್ಲಿ ಇನ್ನೊಂದು ಯಂತ್ರ ಅಥವಾ ಫೋನ್ ಎಳೆದಿರುವುದು ಹಳೇ ಕಟ್ಟಡಗಳಲ್ಲಿ ಸಾಮಾನ್ಯ. ಟ್ಯಾಲಿ ಮೇಜು ಯಾವುದನ್ನೂ ವೈಫೈ ಮೇಲೆ ಇಡಬೇಡಿ. ಬರೆಯುವ ನಡುವೆ ಸಂಪರ್ಕ ತಪ್ಪಿದರೆ ಡೇಟಾ ರಿಪೇರಿಗೆ ಕೂರಬೇಕಾಗುತ್ತದೆ.

ಮಲೆನಾಡ_ಕಡತ

ಎಲ್ಲರಿಗೂ ಧನ್ಯವಾದ. 13 ವಿಂಡೋಸ್ 11 ಪ್ರೊ, 11 ಮಿಂಟ್, ಸರ್ವರ್ 2025 ಸ್ಟ್ಯಾಂಡರ್ಡ್ ಮೇಲೆ 25 ಡಿವೈಸ್ ಕ್ಯಾಲ್, ಹಳೇ ಟವರ್‌ನಲ್ಲಿ ಡೆಬಿಯನ್ ಬ್ಯಾಕಪ್, ಹೀಗೆ ಟಿಪ್ಪಣಿ ಹಾಕುತ್ತೇನೆ. ಡಿಎಸ್‌ಸಿ ಮೇಜು ಹೊಸ ಯಂತ್ರಕ್ಕೆ ಹೋದಾಗ ಎಂಸೈನರ್ ‘ಸರ್ವರ್ ಸಂಪರ್ಕ ಆಗಲಿಲ್ಲ’ ಎನ್ನುತ್ತದೆ ಎಂದು ಕೇಳಿದ್ದೇನೆ. ಅದಕ್ಕೇನು ಮಾಡಬೇಕು?

ಉತ್ತರ: ಡೊಮೈನ್_ದಾರಿ

ಎಂಸೈನರ್ ಅದೇ ಯಂತ್ರದಲ್ಲಿ 1585 ಪೋರ್ಟ್‌ನಲ್ಲಿ ಕೂತು ಬ್ರೌಸರ್ ಜೊತೆ ಮಾತಾಡುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಬ್ರೌಸರ್‌ನಲ್ಲಿ 127.0.0.1ರ 1585 ಪೋರ್ಟ್ ಅನ್ನು ಎಚ್‌ಟಿಟಿಪಿಎಸ್‌ನಲ್ಲಿ ತೆರೆದು, ಪ್ರಮಾಣಪತ್ರದ ಎಚ್ಚರಿಕೆಯನ್ನು ಒಮ್ಮೆ ಒಪ್ಪಿಕೊಳ್ಳಿ, ನಂತರ ಪೋರ್ಟಲ್ ಪುಟ ರಿಫ್ರೆಶ್ ಮಾಡಿ. ಎರಡು ಕಂಪನಿಯ ಟೋಕನ್ ಇದ್ದರೆ ಡ್ರೈವರ್‌ಗಳನ್ನು ಒಂದಾದ ಮೇಲೊಂದು ಹಾಕಿ, ನಡುವೆ ರೀಸ್ಟಾರ್ಟ್ ಮಾಡಿ. ರಿಟರ್ನ್ ಗಡುವಿಗೆ ಒಂದು ವಾರ ಮೊದಲೇ ಪರೀಕ್ಷಿಸಿ, ಅಲ್ಲಿಯ ತನಕ ಹಳೇ ಯಂತ್ರವನ್ನು ಫಾರ್ಮ್ಯಾಟ್ ಮಾಡಬೇಡಿ.